ಹೊಟ್ಟೆಗೆ ಹಿಟ್ಟು, ಜುಟ್ಟಿಗೆ ಪಸೆ

'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.' ಈ ಗಾದೆ ಕಿವಿಗೆ ಬೀಳದೆ ಬೆಳೆದ ಬಡವರ ಮಗಳು ಕನ್ನಡನಾಡಿನಲ್ಲಿ ಇರಲಾರಳು. ನಾನು ಆರನೇ ಇಯತ್ತೆಯಲ್ಲಿದ್ದಾಗ ಸಂತೆಯಲ್ಲಿ ಅವ್ವನ ಸೆರಗು ಹಿಡಿದು ಕೆಂಪು ರಿಬ್ಬನ್ನು ಕೇಳಿದ್ದೆ. ಅಂಗಡಿಯವನು ಅವ್ವನ ಹರಿದ ಕುಪ್ಪಸ ನೋಡಿದ, ನನ್ನ ಕೆದರಿದ ತಲೆ ನೋಡಿದ, ಈ ಗಾದೆ ಹೇಳಿ ನಕ್ಕ. ಸುತ್ತ ನಿಂತವರು ನಕ್ಕರು. ಅವ್ವನೂ ನಕ್ಕಳು. ಅವಳ ಆ ನಗು ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಾಗಿ ಉಳಿದಿದೆ.

ಹೋದ ತಿಂಗಳು ಅದೇ ಗಾದೆಯನ್ನು ನಮ್ಮವನೇ ಆದ ಗೆಳೆಯನೊಬ್ಬ ಹೇಳಿದ. ನಾವು ಹತ್ತು ಹನ್ನೆರಡು ಜನ ಸೇರಿ ಓದುವ ಕೂಟ ನಮ್ಮದು. ಅಮೆರಿಕದ ಕರಿಯ ಹೆಣ್ಣುಮಕ್ಕಳು ತಮ್ಮ ಸುರುಳಿ ಕೂದಲು ಒಣಗದ ಹಾಗೆ ಕಾಯ್ದುಕೊಳ್ಳುವ ಬಗೆಯನ್ನು ಕುರಿತು ಬರೆಯುತ್ತೇನೆ ಅಂದೆ. ಗೆಳೆಯ ಕೇಳಿದ: "ಭೂಮಿ, ಕೂಲಿ, ಹಾಸ್ಟೆಲ್ಲು ಎಲ್ಲಾ ಮುಗದು ಈಗ ಹೇರ್ ಆಯಿಲ್ಲಿಗೆ ಬಂದ್ಯೇನು ತಂಗಿ? ಹೊಟ್ಟಿಗೆ ಹಿಟ್ಟಿಲ್ಲ..." ಎಲ್ಲರೂ ನಕ್ಕರು. ಈ ಸಲ ನಾನು ನಗಲಿಲ್ಲ. ಆದರೆ ಆಗ ಉತ್ತರವೂ ಹೊಳೆಯಲಿಲ್ಲ. ಈ ಬರಹ ಆ ಉತ್ತರ.

ಪ್ರಶ್ನೆ ಇಷ್ಟೆ. ಹಸಿದವರಿಗೆ ತಮ್ಮ ಮೈಯನ್ನು ಆರೈಕೆ ಮಾಡಿಕೊಳ್ಳುವ ಹಕ್ಕು ಉಂಟೋ ಇಲ್ಲವೋ? ಅಥವಾ ಅದು ಹೊಟ್ಟೆ ತುಂಬಿದ ಮೇಲೆ ಆಡಬೇಕಾದ ಮಾತೋ?

ಮೊದಲು ಗಾದೆಯನ್ನೇ ನೋಡೋಣ. ಅದು ಹಿಟ್ಟು ಯಾಕಿಲ್ಲ ಎಂದು ಕೇಳುವುದಿಲ್ಲ. ಹಿಟ್ಟನ್ನು ಯಾರು ಕಣಜದಲ್ಲಿ ತುಂಬಿಟ್ಟುಕೊಂಡಿದ್ದಾರೆ ಎಂದು ಕೇಳುವುದಿಲ್ಲ. ಹೂವು ಮುಡಿದವಳನ್ನು ಮಾತ್ರ ನೋಡಿ ನಗುತ್ತದೆ. ಮೊದಲು ಹಿಟ್ಟು, ಆಮೇಲೆ ಹೂವು ಎಂದು ಸಾಲು ಹಚ್ಚುತ್ತದೆ. ಆ ಸಾಲಿನ ಬಾಗಿಲು ಕಾಯುವವನು ಯಾರು? ಹಿಟ್ಟು ಯಾರ ಕೈಯಲ್ಲಿದೆಯೋ ಅವನೇ. ಅವನು ಹಿಟ್ಟು ಕೊಡುವುದಿಲ್ಲ, ಹಾಗಾಗಿ ಹೂವಿನ ಪಾಳಿ ಬರುವುದೇ ಇಲ್ಲ. ನೂರಾರು ವರ್ಷ ನಮ್ಮ ಅವ್ವಂದಿರ ತಲೆ ಒಣಗಿದ್ದು ಹೀಗೆ.

ಈಗ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು.

ಧಾರವಾಡದಲ್ಲಿ ಬಿ.ಎ. ಓದುವಾಗ ನನ್ನ ಹಾಸ್ಟೆಲ್ ಕೋಣೆಯಲ್ಲಿ ಹಳಿಯಾಳ ತಾಲ್ಲೂಕಿನ ಒಬ್ಬ ಸಿದ್ದಿ ಹುಡುಗಿ ಇದ್ದಳು. ಸಿದ್ದಿಗಳು ಯಾರೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ಹಿಡಿದು ತಂದ ಆಫ್ರಿಕದ ಜನ, ಅವರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು, ಅವರ ಮಕ್ಕಳು ಮರಿಮಕ್ಕಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಅವರ ಊರುಗಳಿವೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 1987ರಲ್ಲಿ ಸರ್ಕಾರದ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಓಟಕ್ಕೆ ತಯಾರು ಮಾಡಲು ಹೊರಟಿತು, 1993ರಲ್ಲಿ ಕೈಬಿಟ್ಟಿತು. ಅವರ ಕಾಲು ಬೇಕಾಗಿತ್ತು. ಅವರ ತಲೆ ಯಾರಿಗೂ ಬೇಕಾಗಿರಲಿಲ್ಲ.

ಈ ಹುಡುಗಿಯ ಕೂದಲು ಸಣ್ಣ ಸಣ್ಣ ಸುರುಳಿ, ಒತ್ತೊತ್ತಾಗಿ ಹೆಣೆದುಕೊಂಡಿತ್ತು. ಬಂದ ಮೊದಲ ವಾರವೇ ಹುಡುಗಿಯರು 'ಪಾತ್ರಿ ತಿಕ್ಕೋ ಜುಂಗು' ಅಂತ ಹೆಸರಿಟ್ಟರು. ಅವಳ ತಲೆಯಲ್ಲಿ ಒಂದು ಹಣಗಿ ಮುರಿದು ಎರಡು ಹಲ್ಲು ಅಲ್ಲೇ ಉಳಿದ ದಿನ ಇಡೀ ಮಹಡಿ ಬಿದ್ದು ಬಿದ್ದು ನಕ್ಕಿತು. ನೋಡಿಕೊಳ್ಳುವ ಮೇಡಂ "ತಲಿ ನೆಟ್ಟಗ ಬಾಚಿಕೊಂಡು ಕಾಲೇಜಿಗೆ ಹೋಗು" ಅಂತ ಬೈದರು. ಆವತ್ತು ನಾನೂ ನಕ್ಕೆ. ಸಂತೆಯಲ್ಲಿ ನನ್ನವ್ವ ನಕ್ಕ ಹಾಗೇ ನಕ್ಕೆ. ನಗುವವರ ಜೊತೆ ನಕ್ಕುಬಿಟ್ಟರೆ ಆ ನಗು ನಮ್ಮ ಕಡೆ ತಿರುಗುವುದಿಲ್ಲ ಎಂಬ ಭಯದ ನಗು ಅದು.

ರಾತ್ರಿ ದೀಪ ಆರಿಸಿದ ಮೇಲೆ ಅವಳು ಅಂದಳು: "ಅವರೆಲ್ಲಾ ನಕ್ಕದ್ದು ನನಗ ಏನೂ ಅನಸ್ಲಿಲ್ಲ. ನೀ ನಕ್ಕದ್ದು ಕಂಡೆ."

ಅವಳಿಗೆ ನಾನು ಅವತ್ತು ಏನೂ ಹೇಳಲಿಲ್ಲ. ಆದರೆ ಆ ಮಾತಿನಿಂದ ನನ್ನ ಓದು ಬೇರೆ ದಾರಿ ಹಿಡಿಯಿತು. ಆ ಕೂದಲು ಏನು, ಅದನ್ನು ಯಾಕೆ ನಗುತ್ತೇವೆ, ಜಗತ್ತಿನಲ್ಲಿ ಅಂಥ ಕೂದಲಿನ ಜನ ಏನು ಪಾಡು ಪಟ್ಟರು ಎಂದು ಹುಡುಕುತ್ತ ಹೋದೆ.

ಮೊದಲು ಕೂದಲಿನ ಸಂಗತಿ. ನೆತ್ತಿಯ ಚರ್ಮದಲ್ಲಿ ಜಿಡ್ಡು ಒಸರುವ ಗ್ರಂಥಿಗಳಿವೆ. ಎಲ್ಲರಿಗೂ ಇವೆ. ನೆಟ್ಟನೆಯ ಕೂದಲಿನ ಮೇಲೆ ಆ ಜಿಡ್ಡು ಬುಡದಿಂದ ತುದಿಯವರೆಗೆ ಸರಾಗವಾಗಿ ಇಳಿಯುತ್ತದೆ. ಸುರುಳಿ ಕೂದಲಿನ ಎಳೆ ಹಾಗಲ್ಲ. ಅದನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ದುಂಡಗಿರುವುದಿಲ್ಲ, ಒತ್ತಿದ ಮೊಟ್ಟೆಯ ಹಾಗೆ ಚಪ್ಪಟೆ. ಬೆಳೆಯುತ್ತ ಅದು ತಿರುಗುತ್ತದೆ, ಮಡಿಯುತ್ತದೆ. ಜಿಡ್ಡು ಮೊದಲ ತಿರುವಿನಲ್ಲೇ ನಿಂತುಬಿಡುತ್ತದೆ. ಬುಡ ಜಿಡ್ಡಾಗಿರುತ್ತದೆ, ತುದಿ ಒಣಗಿರುತ್ತದೆ. ಇನ್ನೊಂದು ತೊಂದರೆ. ಕೂದಲಿನ ಮೇಲ್ಪದರ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹೊದಿಸಿದ್ದು. ಮಡಿಕೆ ಬಂದಲ್ಲಿ ಹೆಂಚು ಸ್ವಲ್ಪ ಬಾಯಿ ಬಿಡುತ್ತದೆ. ಅಲ್ಲಿಂದ ಪಸೆ ಹೋಗುತ್ತದೆ, ಅಲ್ಲೇ ಎಳೆ ಮುರಿಯುತ್ತದೆ.

ಆ ಕೂದಲನ್ನು ನೋಡಿದ ಕೂಡಲೇ 'ಒರಟು ಕೂದಲು' ಅನ್ನುತ್ತೇವಲ್ಲ, ಅದು ನಿಜಕ್ಕೂ ಎಲ್ಲಕ್ಕಿಂತ ಮಿದುವಾದ, ಬೇಗ ಮುರಿಯುವ ಕೂದಲು! ನಾವು ಒರಟು ಅನ್ನುವುದು ಅದರ ಬಾಯಾರಿಕೆಯನ್ನು.

ಈ ಬಾಯಾರಿಕೆಗೆ ಎಣ್ಣೆ ಸುರಿದರೆ ಸಾಕೆಂದು ನಾನೂ ತಿಳಿದಿದ್ದೆ. ನನ್ನ ಗೆಳತಿಯೂ ಬಹಳ ದಿನ ಹಾಗೇ ಮಾಡುತ್ತಿದ್ದಳು. ಹಾಸ್ಟೆಲ್ಲಿನಲ್ಲಿ ತಿಂಗಳಿಗೊಮ್ಮೆ ಕೊಡುವ ಸಣ್ಣ ಬಾಟಲಿಯನ್ನು ಒಣ ತಲೆಗೆ ಸುರಿದುಕೊಂಡು, ಧೂಳು ಹಿಡಿಸಿಕೊಂಡು, ಮತ್ತೆ ದಿನಾ ಸೋಪು ಹಚ್ಚಿ ತೊಳೆದು, ಮತ್ತೆ ಒಣಗಿಸುತ್ತಿದ್ದಳು. ಎಣ್ಣೆ ನೀರನ್ನು ಕೊಡುವುದಿಲ್ಲ. ಇರುವ ನೀರನ್ನು ಕಾಯುತ್ತದೆ, ಅಷ್ಟೆ. ಇದನ್ನು ನಮ್ಮ ಕಡೆಯ ಎರೆ ಹೊಲದ ರೈತನಿಗೆ ಹೇಳಿಕೊಡಬೇಕಿಲ್ಲ. ಮಳೆ ಬಿದ್ದ ಮೇಲೆ, ಹೊಲ ಹದಕ್ಕೆ ಬಂದಾಗ ಅವನು ಕುಂಟೆ ಹೊಡೆಯುತ್ತಾನೆ. ಮೇಲಿನ ಮಣ್ಣು ಪುಡಿಯಾಗಿ ಕೆಳಗಿನ ಹಸಿಗೆ ಹೊದಿಕೆಯಾಗುತ್ತದೆ. ಒಣ ಹೊಲಕ್ಕೆ ಕುಂಟೆ ಹೊಡೆದರೆ ಧೂಳೇಳುತ್ತದೆಯೇ ಹೊರತು ಪಸೆ ಬರುವುದಿಲ್ಲ. ಮೊದಲು ನೀರು, ಆಮೇಲೆ ಹೊದಿಕೆ.

ಅವಳು ಇದನ್ನು ಕಲಿತದ್ದು ಮೊಬೈಲಿನಲ್ಲಿ, ಅಮೆರಿಕದ ಕರಿಯ ಹೆಣ್ಣುಮಕ್ಕಳ ಕೈ ನೋಡಿ. ಮಾತು ಅರ್ಧ ತಿಳಿಯುತ್ತಿರಲಿಲ್ಲ, ಕೈ ಪೂರ್ತಿ ತಿಳಿಯುತ್ತಿತ್ತು. ತಲೆಯನ್ನು ನಾಲ್ಕು ಪಾಲು ಮಾಡುವುದು. ಒಂದೊಂದೇ ಪಾಲನ್ನು ನೀರಿನಿಂದ ತೋಯಿಸುವುದು. ಒದ್ದೆ ಇರುವಾಗಲೇ ಕಂಡೀಷನರು ಹಚ್ಚಿ, ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಹಣಗಿಯಿಂದ, ತುದಿಯಿಂದ ಶುರು ಮಾಡಿ ಬುಡದ ಕಡೆ ಸಿಕ್ಕು ಬಿಡಿಸುತ್ತ ಹೋಗುವುದು. ನೀರಿನ ತೇವ ಇರುವಾಗಲೇ ಎಣ್ಣೆ ಸವರುವುದು. ಸಡಿಲವಾಗಿ ಹೆಣೆದು ಕಟ್ಟುವುದು. ರಾತ್ರಿ ನುಣುಪು ಬಟ್ಟೆ ಸುತ್ತಿಕೊಂಡು ಮಲಗುವುದು, ಯಾಕೆಂದರೆ ಹತ್ತಿಯ ದಿಂಬು ತಲೆಯ ತೇವವನ್ನು ಹೀರಿ, ಎಳೆಯನ್ನು ತಿಕ್ಕಿ ಹರಿಯುತ್ತದೆ. ದಿನಾ ತೊಳೆಯದೆ ವಾರಕ್ಕೊಮ್ಮೆ ತೊಳೆಯುವುದು. ಒಣ ಕೂದಲನ್ನು ಎಂದೂ ಬಾಚದಿರುವುದು.

ಎಣ್ಣೆಗಳಲ್ಲೂ ಭೇದವಿದೆ. ಕೊಬ್ಬರಿ ಎಣ್ಣೆ ಎಳೆಯ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಕೂದಲಿನ ಪ್ರೋಟೀನು ಹೋಗುವುದನ್ನು ಕಡಿಮೆ ಮಾಡುತ್ತದೆ, ಖನಿಜ ಎಣ್ಣೆ ಹಾಗೆ ಮಾಡುವುದಿಲ್ಲ ಎಂದು ಮುಂಬೈಯ ಸಂಶೋಧಕರು 2003ರಲ್ಲಿ ತೋರಿಸಿದರು. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ, ಅದನ್ನೂ ನೆನಪಿಟ್ಟುಕೊಂಡು ಓದಬೇಕು. ಜಮೈಕದ ಕರಿಯ ಜನ ಔಡಲ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಕಪ್ಪು ಎಣ್ಣೆ ತೆಗೆಯುತ್ತಾರೆ. ಅದು ಇವತ್ತು ಅಮೆರಿಕದ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಹೋಗುತ್ತದೆ. ಅದನ್ನು ಓದಿದಾಗ ನನಗೆ ನಮ್ಮಜ್ಜಿಯ ನೆನಪಾಯಿತು. ಅವಳೂ ಹಿತ್ತಲ ಔಡಲ ಬೀಜ ಹುರಿದು, ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಿಂದ ತೆಗೆಯುತ್ತಿದ್ದಳು. ಔಡಲದ ತೌರು ಆಫ್ರಿಕದ ಪೂರ್ವಭಾಗ. ಎರಡು ದಿಕ್ಕಿಗೆ ಹೋದ ಬೀಜ, ಎರಡೂ ಕಡೆ ಬಡವರ ಕೈಯಲ್ಲಿ ಒಂದೇ ರೀತಿ ಎಣ್ಣೆಯಾಯಿತು.

ಗೆಳೆಯರೆ, ಇದು ಬರೀ ಸೌಂದರ್ಯದ ಪಾಠವಲ್ಲ. ಇದರಲ್ಲಿ ನ್ಯಾಯದ ಪಾಠವಿದೆ. ಎಲ್ಲರಿಗೂ ಒಂದೇ ಹಣಗಿ, ಒಂದೇ ಬಾಟಲಿ ಎಣ್ಣೆ ಕೊಟ್ಟದ್ದನ್ನು ಹಾಸ್ಟೆಲ್ಲಿನವರು ಸಮಾನತೆ ಎಂದುಕೊಂಡರು. ಆ ಹಣಗಿಯನ್ನು ಯಾರ ತಲೆ ನೋಡಿ ಮಾಡಿದ್ದರೋ ಅವರಿಗೆ ಅದು ಸರಿಹೋಯಿತು. ಸರಿಹೋಗದವಳ ತಲೆಯದೇ ತಪ್ಪಾಯಿತು. ಹಣಗಿಯ ಹಲ್ಲು ಮುರಿದರೆ ಹಣಗಿಯನ್ನು ಯಾರೂ ಬೈಯುವುದಿಲ್ಲ!

ಈಗ ಸಮುದ್ರದ ಆಚೆಗೆ ಹೋಗೋಣ.

ಅಮೆರಿಕದ ತೋಟದ ಮಾಲೀಕರು ಗುಲಾಮರ ಕೂದಲನ್ನು ಕೂದಲೆಂದೇ ಕರೆಯಲಿಲ್ಲ. ಉಣ್ಣೆ ಎಂದರು. ಕುರಿಯ ಮೈಮೇಲೆ ಇರುವುದು ಉಣ್ಣೆ ತಾನೆ? ಉಣ್ಣೆ ಎಂದ ಮೇಲೆ ಮನುಷ್ಯನೆಂದು ಒಪ್ಪಬೇಕಾಗಿಲ್ಲ. ಆಫ್ರಿಕದಲ್ಲಿ ಹೆಣೆಯುವುದಕ್ಕೆ ಇದ್ದ ಹಣಗಿ, ಎಣ್ಣೆ, ಹೊತ್ತು ಯಾವುದೂ ಇಲ್ಲಿ ಇರಲಿಲ್ಲ. ಕುರಿಯ ಉಣ್ಣೆ ಹಿಂಜುವ ಮುಳ್ಳು ಹಲಗೆಯಿಂದಲೇ ತಲೆ ಬಾಚಿಕೊಂಡರು. ಹಂದಿಯ ಕೊಬ್ಬನ್ನೇ ಎಣ್ಣೆ ಮಾಡಿಕೊಂಡರು. ಭಾನುವಾರವೊಂದೇ ಅವರಿಗೆ ಬಿಡುವು. ಆ ದಿನ ಒಬ್ಬರ ತಲೆಯನ್ನು ಒಬ್ಬರು ತೊಡೆಯ ಮೇಲಿಟ್ಟುಕೊಂಡು ಬಿಡಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದವರು ತಲೆಗೆ ಕೊಬ್ಬು ಹಚ್ಚಿದರು. ನಮ್ಮ ಗಾದೆಯವರು ಅಲ್ಲಿದ್ದರೆ ನಗುತ್ತಿದ್ದರು. ಆದರೆ ವಾರದ ಆರು ದಿನ ಇನ್ನೊಬ್ಬನ ಆಸ್ತಿಯಾಗಿದ್ದ ಮೈ ಆ ಒಂದು ಹೊತ್ತು ತನ್ನದಾಗುತ್ತಿತ್ತು. ಇದನ್ನು ಶೋಕಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

1786ರಲ್ಲಿ ಲೂಸಿಯಾನ ಸ್ಪೇನಿನ ವಶದಲ್ಲಿತ್ತು. ಅಲ್ಲಿಯ ಗವರ್ನರು ಮಿರೋ ಒಂದು ಕಟ್ಟಳೆ ಹೊರಡಿಸಿದ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಹೆಣ್ಣುಮಕ್ಕಳು ಸಹ ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡಬೇಕು, ಕೂದಲಿಗೆ ಗರಿ ಒಡವೆ ಮುಡಿಯಬಾರದು ಎಂದು. ಎದೆ ಮುಚ್ಚಬಾರದು, ಚಪ್ಪಲಿ ಮೆಟ್ಟಬಾರದು ಎಂಬ ಕಟ್ಟಳೆಗಳನ್ನು ಕಂಡ ನಾಡಿನವರು ನಾವು, ನಮಗೆ ಇದು ಹೊಸದಲ್ಲ. ಆ ಹೆಣ್ಣುಮಕ್ಕಳು ಏನು ಮಾಡಿದರು ಗೊತ್ತೇ? ಬಟ್ಟೆ ಕಟ್ಟಿಕೊಂಡರು. ಎಂಥ ಬಟ್ಟೆ! ಕೆಂಪು, ಹಳದಿ, ರೇಷ್ಮೆ, ಎತ್ತರೆತ್ತರ ಸುತ್ತಿದ ಬಟ್ಟೆ. ಅವಮಾನಕ್ಕೆಂದು ಕಟ್ಟಿಸಿದ್ದನ್ನು ಕಿರೀಟ ಮಾಡಿಕೊಂಡು ಬೀದಿಯಲ್ಲಿ ನಡೆದರು.

1867ರಲ್ಲಿ ಅದೇ ಲೂಸಿಯಾನದಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್ ಎಂಬಾಕೆ ತನ್ನ ಮನೆಯಲ್ಲಿ ಗುಲಾಮಳಾಗಿ ಹುಟ್ಟದ ಮೊದಲ ಮಗು. ಬಟ್ಟೆ ಒಗೆಯುವ ಕೂಲಿ ಮಾಡುತ್ತಿದ್ದಳು. ಕೂದಲು ಉದುರಿ ಬೋಳಾಗತೊಡಗಿತು. ಆಮೇಲೆ ಅವಳೇ ಗಂಧಕ ಬೆರೆಸಿದ ಮುಲಾಮನ್ನು ತಲೆಗೆಂದು ಮಾರುತ್ತ, ಸಾವಿರಾರು ಕರಿಯ ಹೆಣ್ಣುಮಕ್ಕಳಿಗೆ ಮಾರುವ ಕೆಲಸ ಕೊಟ್ಟು, ಮೇಡಂ ಸಿ.ಜೆ. ವಾಕರ್ ಎಂದು ಹೆಸರಾದಳು. 1919ರಲ್ಲಿ ಸಾಯುವ ಮುಂಚೆ, ಕರಿಯರನ್ನು ಮರಕ್ಕೆ ನೇತುಹಾಕಿ ಕೊಲ್ಲುವುದರ ವಿರುದ್ಧದ ಚಳವಳಿಗೆ 5,000 ಡಾಲರು ಕೊಟ್ಟಳು. ಅವಳು ತಲೆ ಕಾಯುವ ವಿದ್ಯೆ ಕಲಿಸಿದಳೋ, ಕಾಯಿಸಿದ ಹಣಗಿಯಿಂದ ಕೂದಲು ನೆಟ್ಟಗೆ ಮಾಡುವ ಚಟ ಕಲಿಸಿದಳೋ ಎಂಬ ಜಗಳ ಅವರಲ್ಲಿ ಇನ್ನೂ ಮುಗಿದಿಲ್ಲ. ಎರಡೂ ಸ್ವಲ್ಪ ಸ್ವಲ್ಪ ನಿಜ ಎಂದು ನನಗನ್ನಿಸುತ್ತದೆ. ಗಾಯಕ್ಕೆ ಮದ್ದು ಮಾರುವ ಅಂಗಡಿಯಲ್ಲೇ ಎಷ್ಟೋ ಸಲ ಗಾಯವನ್ನೂ ಮಾರುತ್ತಾರೆ.

ಮಾಲ್ಕಮ್ ಎಕ್ಸ್ ಹರೆಯದಲ್ಲಿ ಬಾಸ್ಟನ್ನಿನಲ್ಲಿ ಕಾಸ್ಟಿಕ್ಕು, ಮೊಟ್ಟೆ, ಆಲೂಗಡ್ಡೆ ಕಲಸಿ ತಲೆಗೆ ಮೆತ್ತಿಸಿಕೊಂಡು ಕೂದಲು ನೆಟ್ಟಗೆ ಮಾಡಿಸಿಕೊಂಡದ್ದನ್ನು 1965ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನೆತ್ತಿ ಉರಿದು ಬೆಂದುಹೋಗುತ್ತಿದ್ದರೂ ಕನ್ನಡಿ ನೋಡಿ ಹಿಗ್ಗಿದ್ದನಂತೆ. ತನ್ನನ್ನು ತಾನೇ ಕೀಳು ಮಾಡಿಕೊಂಡ ಮೊದಲ ದೊಡ್ಡ ಹೆಜ್ಜೆ ಅದು ಎಂದು ಆಮೇಲೆ ಅವನಿಗೆ ಅನ್ನಿಸಿತು. ಆ ಆತ್ಮಕಥೆ ಬಂದ ಮರುವರ್ಷ, 1966ರಲ್ಲಿ, ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಹುಟ್ಟಿತು. ಹುಡುಗ ಹುಡುಗಿಯರು ಕೂದಲನ್ನು ಹುಟ್ಟಿದ ಹಾಗೇ ಬಿಟ್ಟರು. ತಲೆಯ ಸುತ್ತ ಹುಣ್ಣಿಮೆಯ ಹಾಗೆ ನಿಂತ ಆ ಕೂದಲು ಪೊಲೀಸರಿಗೆ ಬಂದೂಕಿನಂತೆ ಕಂಡಿತು. 1970ರಲ್ಲಿ ಆಂಜೆಲಾ ಡೇವಿಸ್ ತಲೆಮರೆಸಿಕೊಂಡಾಗ ಅವಳ ಚಿತ್ರ ಗೋಡೆಗೋಡೆಗೆ ಅಂಟಿತು. ಮುಂದೆ 1994ರಲ್ಲಿ ಅವಳು ನೊಂದು ಬರೆದಳು, ತನ್ನ ರಾಜಕೀಯ ಮರೆತುಹೋಗಿ ಜನಕ್ಕೆ ಕೂದಲು ಮಾತ್ರ ನೆನಪಿದೆ ಎಂದು. ಇದು ನಮಗೂ ಎಚ್ಚರಿಕೆ. ತಲೆಯ ಮೇಲಿನದು ತಲೆಯ ಒಳಗಿನದನ್ನು ನುಂಗಬಾರದು.

1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದವರು ಅವರ ಹೆಸರನ್ನು ತೆಗೆದುಕೊಂಡರು. ಸಿಟ್ಟನ್ನೂ ತೆಗೆದುಕೊಂಡರು. ಅವರ ಕೂದಲಿನ ಮಾತು ಮಾತ್ರ ನಮ್ಮವರೆಗೆ ಬರಲಿಲ್ಲ. ಅದು ಹೆಂಗಸರ ಮಾತು ಎಂದು ಗಂಡಸರು ದಾರಿಯಲ್ಲೇ ಇಳಿಸಿ ಬಂದರೇನೋ!

ಇನ್ನು ಕೋರ್ಟಿನ ಕತೆ. ಇಲ್ಲೇ ನನ್ನ ಪ್ರಶ್ನೆಯ ಗಂಟು ಇರುವುದು. ಅಮೆರಿಕದ ಒಂದು ವಿಮಾನ ಕಂಪನಿಯಲ್ಲಿ ರೆನೀ ರಾಜರ್ಸ್ ಎಂಬ ಕರಿಯ ಹೆಣ್ಣುಮಗಳು ಕೆಲಸಕ್ಕಿದ್ದಳು. ನೆತ್ತಿಗೆ ಅಂಟಿಸಿದಂತೆ ಸಾಲುಸಾಲಾಗಿ ಜಡೆ ಹೆಣೆದುಕೊಂಡು ಬಂದಳು. ಕಂಪನಿ ಒಪ್ಪಲಿಲ್ಲ. ಅವಳು ಕೋರ್ಟಿಗೆ ಹೋದಳು. 1981ರಲ್ಲಿ ಅವಳಿಗೆ ಸೋಲಾಯಿತು. ಕೋರ್ಟಿನ ವಾದದ ಸಾರ ಹೀಗೆ: ಚರ್ಮದ ಬಣ್ಣ ಬದಲಿಸಲಾಗದ್ದು, ಅದಕ್ಕೆ ಭೇದ ಮಾಡಿದರೆ ತಪ್ಪು. ಜಡೆ ಬದಲಿಸಬಹುದಾದದ್ದು. ಬದಲಿಸಿಕೋ. 2016ರಲ್ಲಿ ಅಲಬಾಮದ ಮತ್ತೊಬ್ಬ ಹೆಣ್ಣುಮಗಳಿಗೂ ಮೇಲಿನ ಕೋರ್ಟು ಇದೇ ಮಾತು ಹೇಳಿತು. ಕೂದಲನ್ನು ಜಟೆಗಳಾಗಿ ಬಿಟ್ಟಿದ್ದಾಳೆಂದು ಕೊಟ್ಟ ಕೆಲಸವನ್ನು ಕಿತ್ತುಕೊಂಡ ಮೊಕದ್ದಮೆ ಅದು. ಕೊನೆಗೆ 2019ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಕೂದಲಿನ ಮೇಲಿನ ಭೇದವೂ ಜನಾಂಗದ ಮೇಲಿನ ಭೇದವೇ ಎಂದು ಕಾನೂನು ಮಾಡಿತು. ಅದರ ಹಿಂದೆ ಎಷ್ಟೋ ರಾಜ್ಯಗಳು ಮಾಡಿದವು.

ಬದಲಿಸಬಹುದು, ಹಾಗಾಗಿ ಬದಲಿಸು. ಈ ಮಾತು ಮೇಲುನೋಟಕ್ಕೆ ಎಷ್ಟು ನಯವಾಗಿದೆ! ನಮಗೂ ಇದನ್ನು ದಿನಾ ಹೇಳುತ್ತಾರೆ. ಹೆಸರು ಬದಲಿಸಬಹುದು, ಅಡ್ಡಹೆಸರು ಬಿಟ್ಟುಬಿಡು, ಮನೆ ಬಾಡಿಗೆಗೆ ಸಿಗುತ್ತದೆ. ಮಾತು ಬದಲಿಸಬಹುದು, ಕೇರಿಯ ಮಾತು ಬಿಡು, ಸಂದರ್ಶನದಲ್ಲಿ ಪಾಸಾಗುತ್ತೀಯ. ಊಟ ಬದಲಿಸಬಹುದು, ಡಬ್ಬಿಯಲ್ಲಿ ಏನು ತಂದಿದ್ದೀಯ ಎಂದು ಯಾರೂ ಮೂಸುವುದಿಲ್ಲ. ಒಂದೊಂದಾಗಿ ಎಲ್ಲ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವ ಬದಲಿಸಲಾಗದ ಆ ಮನುಷ್ಯನನ್ನಾದರೂ ಇವರು ಒಳಗೆ ಬಿಟ್ಟುಕೊಳ್ಳುತ್ತಾರೆಯೇ? ಇಲ್ಲ. ಹಾಗಾದರೆ ಸಮಾನತೆಯ ಪ್ರಶ್ನೆ 'ನೀನು ಬದಲಾಗಬಲ್ಲೆಯಾ' ಎನ್ನುವುದಲ್ಲ. 'ನಾನು ಯಾಕೆ ಬದಲಾಗಬೇಕು, ನೀನು ಯಾಕೆ ಬೇಡ' ಎನ್ನುವುದು.

ಬದಲಾಗುವುದಕ್ಕೆ ತೆರುವ ಬೆಲೆಯೂ ಪುಕ್ಕಟೆಯದಲ್ಲ. ಕೂದಲು ನೆಟ್ಟಗೆ ಮಾಡುವ ರಾಸಾಯನಿಕಗಳಲ್ಲಿ ಬಹುಕಾಲ ಬಳಸಿದ್ದು ಕಾಸ್ಟಿಕ್ ಸೋಡಾ. ಕಟ್ಟಿದ ಮೋರಿ ಬಿಡಿಸಲು ಹಾಕುವ ಅದೇ ಸೋಡಾ. ಅದು ಎಳೆಯ ಒಳಗಿನ ಗಂಧಕದ ಬೆಸುಗೆಗಳನ್ನು ಒಡೆದು ಸುರುಳಿಯನ್ನು ಕೊಲ್ಲುತ್ತದೆ. ನೆತ್ತಿಗೆ ತಾಗಿದರೆ ಸುಡುತ್ತದೆ. 2022ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರಿ ವಿಜ್ಞಾನಿಗಳು 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿ ಒಂದು ಲೆಕ್ಕ ಪ್ರಕಟಿಸಿದರು. ಇಂಥ ರಾಸಾಯನಿಕ ಎಂದೂ ಹಚ್ಚದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ನೂರಕ್ಕೆ 1.64, ಮೇಲಿಂದ ಮೇಲೆ ಹಚ್ಚಿದವರಲ್ಲಿ 4.05. ಇದೇ ಕಾರಣವೆಂದು ಪೂರ್ತಿ ಸಾಬೀತಾಗಿಲ್ಲ, ಸಂಬಂಧ ಕಂಡಿದೆ. ಹಚ್ಚಿಕೊಂಡವರಲ್ಲಿ ಹೆಚ್ಚಿನವರು ಕರಿಯ ಹೆಂಗಸರು ಎಂಬುದನ್ನೂ ಅದೇ ಲೆಕ್ಕ ಹೇಳುತ್ತದೆ. ನೌಕರಿ ಕೊಡುವವನ ಕಣ್ಣಿಗೆ ಚಂದ ಕಾಣಲು ಹೆಣ್ಣು ತನ್ನ ಗರ್ಭಕೋಶವನ್ನು ಅಡವಿಡಬೇಕೆ?

ಹಾಗೆಂದು ಕೂದಲು ನೆಟ್ಟಗೆ ಮಾಡಿಕೊಂಡವಳನ್ನು ನಾನು ಬೈಯಲಾರೆ. ಮನೆಯಲ್ಲಿ ಮೂರು ಮಕ್ಕಳಿದ್ದು, ಬಾಗಿಲಲ್ಲಿ ಬಾಡಿಗೆಯವನು ನಿಂತಿದ್ದರೆ ನಾನೂ ಮಾಡಿಕೊಳ್ಳುತ್ತಿದ್ದೆ. ತಪ್ಪು ಆ ತಲೆಯಲ್ಲಿಲ್ಲ, ಆ ಬಾಗಿಲಲ್ಲಿದೆ. 'ಸಹಜ ಕೂದಲು' ಎನ್ನುವುದೂ ಇನ್ನೊಂದು ಮಡಿಯಾಗಬಾರದು. ಮಡಿಯಿಂದ ನಾವು ಉಂಡದ್ದು ಸಾಕು.

ಈಗ ನನ್ನವ್ವನ ಕಡೆಗೆ ಬರುತ್ತೇನೆ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಕೂದಲಿನ ವ್ಯಾಪಾರ ದೊಡ್ಡದು. ಊರೂರು ತಿರುಗುವವರು ಪಿನ್ನು, ಪಾತ್ರೆ ಕೊಟ್ಟು ಹೆಂಗಸರು ಬಾಚಿ ಸುತ್ತಿಟ್ಟ ಕೂದಲ ಉಂಡೆಗಳನ್ನು ಕೊಳ್ಳುತ್ತಾರೆ. ಗೋದಾಮಿನಲ್ಲಿ ಹೆಂಗಸರು ಸಾಲಾಗಿ ಕೂತು ಆ ಉಂಡೆ ಬಿಡಿಸುತ್ತಾರೆ, ಉದ್ದ ಗಿಡ್ಡ ಬೇರೆ ಮಾಡುತ್ತಾರೆ, ಕಟ್ಟು ಕಟ್ಟುತ್ತಾರೆ. ನನ್ನವ್ವ ವರ್ಷಗಟ್ಟಲೆ ಆ ಕೆಲಸ ಮಾಡಿದ್ದಾಳೆ. ಸಂಜೆ ಮನೆಗೆ ಬಂದರೆ ಅವಳ ಸೀರೆಯಲ್ಲಿ, ಕೆಮ್ಮಿನಲ್ಲಿ, ಒಮ್ಮೊಮ್ಮೆ ರೊಟ್ಟಿಯಲ್ಲೂ ಯಾರದೋ ಕೂದಲು. ಒಮ್ಮೆ ಕೇಳಿದ್ದೆ, "ಇವೆಲ್ಲಾ ಯಾರ ಕೂದಲಬೇ?" ಅವ್ವ ಅಂದಿದ್ದಳು, "ಯಾರದರ ಇರ್ಲಿ. ಸಿಕ್ಕು ಸಿಕ್ಕೇ."

ಆ ಕಟ್ಟುಗಳು ಪರದೇಶಕ್ಕೆ ಹೋಗುತ್ತವೆ. ತಿರುಪತಿಯಲ್ಲಿ ಹರಕೆ ಹೊತ್ತವರು ಕೊಟ್ಟ ಮುಡಿಯೂ ಹರಾಜಾಗಿ ಹೋಗುತ್ತದೆ. ಅಮೆರಿಕದ ಕರಿಯ ನಟ ಕ್ರಿಸ್ ರಾಕ್ 2009ರ ತನ್ನ ಸಾಕ್ಷ್ಯಚಿತ್ರದಲ್ಲಿ ಆ ಮುಡಿಯ ಜಾಡು ಹಿಡಿದು ನಮ್ಮ ದೇಶದವರೆಗೆ ಬಂದಿದ್ದ. ನಮ್ಮ ನೆಟ್ಟನೆಯ ಕೂದಲು ಅಲ್ಲಿ ಕರಿಯ ಹೆಣ್ಣುಮಕ್ಕಳ ತಲೆಗೆ ಹೊಲಿಗೆಯಾಗಿ ಸೇರುತ್ತದೆ. ಯೋಚನೆ ಮಾಡಿ ಗೆಳೆಯರೆ. ಇಲ್ಲಿ ಹಿಟ್ಟಿಗಾಗಿ ಒಬ್ಬಳು ಕೂದಲು ಬಿಡಿಸುತ್ತಾಳೆ. ಅಲ್ಲಿ 'ನಿನ್ನದು ಕೂದಲೇ ಅಲ್ಲ' ಎಂದು ಕೇಳಿ ಕೇಳಿ ನೊಂದ ಒಬ್ಬಳು ತನ್ನ ಕೂಲಿ ಸುರಿದು ಅದನ್ನು ಕೊಳ್ಳುತ್ತಾಳೆ. ಇಬ್ಬರ ನಡುವೆ ಸಮುದ್ರ, ಸಮುದ್ರದ ತುಂಬ ದಲ್ಲಾಳಿಗಳು. ಇವಳ ಹಸಿವೂ ಅವರಿಗೆ ಲಾಭ, ಅವಳ ನಾಚಿಕೆಯೂ ಅವರಿಗೆ ಲಾಭ. ಹಿಟ್ಟಿನ ಪ್ರಶ್ನೆ, ಜುಟ್ಟಿನ ಪ್ರಶ್ನೆ ಬೇರೆ ಬೇರೆ ಎಂದು ಇನ್ನೂ ಯಾರಾದರೂ ಅನ್ನುತ್ತೀರಾ?

ಕೂದಲು ಸಣ್ಣ ಸಂಗತಿ ಎನ್ನುವವರಿಗೆ ಇನ್ನೊಂದು ಮಾತು. ನಮ್ಮ ಹಳ್ಳಿಗಳಲ್ಲಿ ದಲಿತರ ತಲೆ ಮುಟ್ಟದ ಕ್ಷೌರದಂಗಡಿಗಳು ಇವತ್ತಿಗೂ ಇವೆ. 2024ರ ಆಗಸ್ಟಿನಲ್ಲಿ ನಮ್ಮದೇ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರದ ಸಲುವಾಗಿ ಹುಟ್ಟಿದ ಜಗಳದಲ್ಲಿ ದಲಿತ ಯುವಕನೊಬ್ಬ ಕೊಲೆಯಾದ. ಅವನು ಕೇಳಿದ್ದು ಸಿಂಹಾಸನವಲ್ಲ. ಎಲ್ಲರಿಗೂ ಆಡುವ ಕತ್ತರಿ ತನ್ನ ತಲೆಯ ಮೇಲೂ ಆಡಲಿ ಎಂದು, ಅಷ್ಟೆ. ಆ ಸಾವಿನ ಮುಂದೆ ನಿಂತು ಜುಟ್ಟಿನ ಗಾದೆ ಹೇಳಲು ಯಾರಿಗೆ ಧೈರ್ಯವಿದೆ?

ನನ್ನ ಉತ್ತರ ಇದು. ಮೈಯ ಆರೈಕೆ ಹಿಟ್ಟಿನ ನಂತರದ ಮೆಟ್ಟಿಲಲ್ಲ. ತನ್ನ ಮೈಯನ್ನು ತಾನೇ ಹೇಸುವವನು ಹಿಟ್ಟು ಕೇಳುವಾಗಲೂ ಕೈ ಚಾಚಿ ಕೇಳುತ್ತಾನೆ, ಎದೆ ಎತ್ತಿ ಕೇಳುವುದಿಲ್ಲ. ಆರೈಕೆಯೊಂದರಿಂದಲೇ ಭೂಮಿ ಬರುವುದಿಲ್ಲ, ಕೂಲಿ ಏರುವುದಿಲ್ಲ, ಅದು ನನಗೂ ಗೊತ್ತು. ಆದರೆ ಭೂಮಿ ಕೇಳಲು ಏಳಬೇಕಾದ ತಲೆ ಇದೇ ತಲೆ ತಾನೆ?

ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಲ್ಲಿ ಒಂದು ಬಿನ್ನಹ. ಪ್ರಾರ್ಥನೆಯ ಸಾಲಿನಲ್ಲಿ ಕೆದರಿದ ತಲೆಯ ಮಗುವನ್ನು ಹೊರಗೆ ನಿಲ್ಲಿಸುವ ಮೊದಲು ಕೇಳಿ: ಮನೆಯಲ್ಲಿ ನೀರಿದೆಯೇ? ಎಣ್ಣೆ ಇದೆಯೇ? ಬಾಚುವ ಅವ್ವ ಹೊತ್ತು ಮೂಡುವ ಮೊದಲೇ ಕೂಲಿಗೆ ಹೋದಳೇ? ಈ ಹಣಗಿ ಈ ತಲೆಗೆ ಮಾಡಿದ್ದೇ?

ಕೊನೆಯ ವರ್ಷ ಅವ್ವ ನನ್ನನ್ನು ನೋಡಲು ಧಾರವಾಡಕ್ಕೆ ಬಂದಿದ್ದಳು. ಅದು ಭಾನುವಾರ. ಗೆಳತಿ ಒದ್ದೆ ತಲೆ ಬಿಟ್ಟುಕೊಂಡು, ಹಿಂದಿನ ಪಾಲು ಕೈಗೆ ಸಿಗದೆ ಒದ್ದಾಡುತ್ತ ಕೂತಿದ್ದಳು. ಅವ್ವ ಸ್ವಲ್ಪ ಹೊತ್ತು ನೋಡಿದಳು. ಬಳಿಗೆ ಹೋಗಿ ಕೂತು, "ತಾ ಇಲ್ಲಿ ಮಗಳ" ಅಂದಳು. ಯಾರೂ ಹೇಳಿಕೊಡದೆ ತುದಿಯಿಂದ ಶುರು ಮಾಡಿದಳು. "ಬುಡದಿಂದ ಎಳೆದ್ರ ಹರೀತೈತಿ. ತುದಿಯಿಂದ ಬರಬೇಕು, ಸಾವಕಾಶ" ಅಂದಳು. ಭಾಗ್ಯನಗರದ ಗೋದಾಮಿನಲ್ಲಿ ಸಾವಿರ ಸತ್ತ ಉಂಡೆ ಬಿಡಿಸಿದ ಬೆರಳು, ಜೀವ ಇರುವ ತಲೆಯ ಮೇಲೆ ಮೊದಲ ಸಲ ಅಷ್ಟು ಹೊತ್ತು ಆಡಿತು. ಒಂದು ಎಳೆಯೂ ಹರಿಯಲಿಲ್ಲ. ಗೆಳತಿ ಕಣ್ಣು ಮುಚ್ಚಿ ಕೂತಿದ್ದಳು.

ಮುಗಿದ ಮೇಲೆ ಗೆಳತಿ ಎಣ್ಣೆಯ ಬಟ್ಟಲು ಕೈಗೆ ತೆಗೆದುಕೊಂಡಳು. "ಈಗ ನೀ ಕುಂದರಬೇ ಅವ್ವಾ" ಅಂದಳು. ಅವ್ವ ಬೇಡ ಬೇಡ ಅಂದಳು, ನನ್ನದೇನು ಬಿಡು ಅಂದಳು. ನಾನು ಹಿಡಿದು ಕೂಡಿಸಿದೆ. ಅವಳ ತಲೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಊರ ಮಂದಿಯ ಕೂದಲು ಬಿಡಿಸಿದವಳ ನೆತ್ತಿಯಲ್ಲಿ ಗಂಟುಗಂಟು ಸಿಕ್ಕು. ನಾವಿಬ್ಬರೂ ಎರಡು ಕಡೆ ಕೂತು, ನೀರು ಚಿಮುಕಿಸಿ, ತುದಿಯಿಂದ ಶುರು ಮಾಡಿದೆವು.